ಕಾಫಿ ಕೊಡುವ ಹುರುಪು ಶಕ್ತಿಯಲ್ಲ. ಮಧುಮೇಹಿಗಳಿಗೆ ಬೇರೆಯೇ ಲೆಕ್ಕ

ಬೆಂಗಳೂರು: ಬೆಳಗಿನ ನಡಿಗೆಗೆ ಮುನ್ನ ಒಂದು ಲೋಟ ಕಾಫಿ ಹೀರುವುದು ನಗರವಾಸಿಗಳ ಹಳೆಯ ರೂಢಿ. ಜಿಮ್‌ಗಳಲ್ಲಿ ಈಗ ಕೆಫೀನ್ ಬೆರೆತ ಪುಡಿ, ಪಾನೀಯಗಳೂ ಸೇರಿಕೊಂಡಿವೆ. ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2023ರಲ್ಲಿ ಪ್ರಕಟಿಸಿದ ಅಧ್ಯಯನ ಅಂದಾಜಿಸಿದೆ. ವ್ಯಾಯಾಮವೇ ಔಷಧವಾಗಿರುವ ಇವರಿಗೆ ಕೆಫೀನ್ ಎಷ್ಟು ಹಿತ ಎಂಬ ಪ್ರಶ್ನೆಯನ್ನು ಹಗುರವಾಗಿ ಪರಿಗಣಿಸುವಂತಿಲ್ಲ.

ಕೆಫೀನ್‌ನ ಪ್ರಭಾವವನ್ನು ಕ್ರೀಡಾಲೋಕ ಎಂದೋ ಗುರುತಿಸಿತ್ತು. ಕ್ರೀಡಾಪಟುವಿನ ಮೂತ್ರದಲ್ಲಿ ಅದರ ಪ್ರಮಾಣ ಮಿಲಿಲೀಟರಿಗೆ 12 ಮೈಕ್ರೊಗ್ರಾಂ ಮೀರಿದರೆ 2003ರವರೆಗೂ ಅದು ಅಪರಾಧವಾಗಿತ್ತು. 2004ರಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ (ವಾಡಾ) ಅದನ್ನು ನಿಷೇಧಿತ ಪಟ್ಟಿಯಿಂದ ಕೈಬಿಟ್ಟು ನಿಗಾ ಪಟ್ಟಿಗೆ ಸೇರಿಸಿತು.

ಸಾಲ ತಂದ ಹುರುಪು

ಸಕ್ಕರೆ, ಹಾಲು ಬೆರೆಸದ ಕಾಫಿಯಲ್ಲಿ ಹೇಳಿಕೊಳ್ಳುವಂಥ ಶಕ್ತಿಮೂಲವೇ ಇಲ್ಲ. ಮಿದುಳಿಗೆ ದಣಿವಿನ ಸಂದೇಶ ಮುಟ್ಟಿಸುವ ಅಡೆನೊಸಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಕೆಫೀನ್ ಅಡ್ಡಿಯಾಗುತ್ತದೆ. ದೇಹ ಬಳಲಿದ್ದರೂ ಬಳಲಿಕೆ ಅರಿವಿಗೆ ಬರುವುದು ತಡವಾಗುತ್ತದೆ. ಅಮೆರಿಕದ ಡೇವಿಡ್ ಕಾಸ್ಟಿಲ್ ತಂಡ 1978ರಲ್ಲಿ ನಡೆಸಿದ ಪ್ರಯೋಗದಲ್ಲಿ ಸುಮಾರು 75 ನಿಮಿಷಕ್ಕೆ ಸುಸ್ತಾಗುತ್ತಿದ್ದ ಸೈಕಲ್ ಸವಾರರು ಕೆಫೀನ್ ಸೇವಿಸಿದಾಗ 90 ನಿಮಿಷ ತುಳಿದರು. ಕೊಬ್ಬು ಹೆಚ್ಚು ಕರಗಿ ಸ್ನಾಯುವಿನ ಸಕ್ಕರೆ ಉಳಿತಾಯವಾಗುತ್ತದೆ ಎಂಬ ಅಂದಿನ ವಿವರಣೆಗಿಂತ ಮಿದುಳಿನ ಪಾತ್ರಕ್ಕೇ ಇಂದು ಹೆಚ್ಚಿನ ಮನ್ನಣೆಯಿದೆ.

ಎಳೆದಾಡುವ ಎರಡು ಬಲಗಳು

ರಕ್ತದ ಸಕ್ಕರೆಯ ವಿಷಯ ಇಷ್ಟು ಸರಳವಲ್ಲ. ಕೆಫೀನ್ ಅಡ್ರಿನಲಿನ್ ಸ್ರಾವವನ್ನು ಹೆಚ್ಚಿಸುತ್ತದೆ. ಯಕೃತ್ತು ಗ್ಲೂಕೋಸ್ ಬಿಡುಗಡೆ ಮಾಡುತ್ತದೆ. ಇನ್ಸುಲಿನ್‌ನ ಪರಿಣಾಮ ತಾತ್ಕಾಲಿಕವಾಗಿ ಕುಗ್ಗುತ್ತದೆ. ಇದಕ್ಕೆ ವಿರುದ್ಧವಾಗಿ, ದುಡಿಯುವ ಸ್ನಾಯು ಇನ್ಸುಲಿನ್‌ನ ನೆರವಿಲ್ಲದೆಯೂ ಗ್ಲೂಕೋಸ್ ಹೀರಿಕೊಳ್ಳಬಲ್ಲದು. ಆರೋಗ್ಯವಂತರಲ್ಲಿ ಈ ಎರಡೂ ಬಹುಪಾಲು ಸರಿತೂಗುತ್ತವೆ. ಮಧುಮೇಹಿಗಳಲ್ಲಿ ಹಾಗಾಗದೆ ಹೋಗಬಹುದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ 2008ರಲ್ಲಿ 10 ಮಂದಿ ಟೈಪ್-2 ಮಧುಮೇಹಿಗಳಿಗೆ ದಿನಕ್ಕೆ 500 ಮಿಲಿಗ್ರಾಂ ಕೆಫೀನ್ ನೀಡಿದಾಗ ಹಗಲಿನ ಸರಾಸರಿ ಸಕ್ಕರೆ ಶೇ 8ರಷ್ಟು ಏರಿತ್ತು. ನಿತ್ಯ ಕಾಫಿ ಕುಡಿಯುವವರಲ್ಲಿ ಟೈಪ್-2 ಮಧುಮೇಹ ಕಡಿಮೆ ಎಂಬ ದೀರ್ಘಕಾಲದ ಸಮೀಕ್ಷೆಗಳೂ ಇವೆ. ಆದರೆ ಈಗಾಗಲೇ ಕಾಯಿಲೆ ಇರುವವರಿಗೆ ಅದು ಅಭಯವಲ್ಲ.

ಇನ್ಸುಲಿನ್ ಚುಚ್ಚಿಕೊಳ್ಳುವವರ ಅಪಾಯ ಇನ್ನೊಂದು ಬಗೆಯದು. ಸಕ್ಕರೆ ದಿಢೀರ್ ಕುಸಿದಾಗ ಕಾಣುವ ಎದೆಬಡಿತ, ಕೈನಡುಕ ಕೆಫೀನ್ ಹೆಚ್ಚಾದಾಗಲೂ ಕಾಣುತ್ತವೆ. ಕುಸಿತವನ್ನು ‘ಕಾಫಿಯ ಪ್ರಭಾವ’ ಎಂದು ಕಡೆಗಣಿಸಿದರೆ ಜೀವಕ್ಕೇ ಸಂಚಕಾರ.

ಪ್ರಮಾಣದ ಲೆಕ್ಕವೂ ಗಮನಾರ್ಹ. ಕ್ರೀಡಾ ಸಾಮರ್ಥ್ಯ ಹೆಚ್ಚಲು ದೇಹತೂಕದ ಪ್ರತಿ ಕಿಲೋಗೆ 3ರಿಂದ 6 ಮಿಲಿಗ್ರಾಂ ಬೇಕೆನ್ನುತ್ತಾರೆ ತಜ್ಞರು. 60 ಕಿಲೋ ತೂಗುವವರಿಗೆ ಇದು 180ರಿಂದ 360 ಮಿಲಿಗ್ರಾಂ. ಐಸಿಎಂಆರ್ 2024ರ ಆಹಾರ ಮಾರ್ಗಸೂಚಿಯಲ್ಲಿ ಇಡೀ ದಿನಕ್ಕೆ ಹೇಳಿದ ಮಿತಿಯೇ 300 ಮಿಲಿಗ್ರಾಂ. ಅದರ ಪ್ರಕಾರ 150 ಮಿಲಿಲೀಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ಪದಕದ ಹಂಬಲವಿರುವವರ ಲೆಕ್ಕ, ಪಾರ್ಕಿನಲ್ಲಿ ನಡೆಯುವವರಿಗೆ ಸಲ್ಲದು.

ಕಾಫಿ ಬಿಡಬೇಕೆಂದು ಇದರ ಅರ್ಥವಲ್ಲ. ಮಧುಮೇಹಿಗಳು ಕಾಫಿ ಕುಡಿದು ನಡೆದ ದಿನ, ಕುಡಿಯದೆ ನಡೆದ ದಿನ ಎರಡರಲ್ಲೂ ಗ್ಲೂಕೋಮೀಟರ್‌ನಲ್ಲಿ ಸಕ್ಕರೆ ನೋಡಿ, ವೈದ್ಯರೊಡನೆ ಚರ್ಚಿಸುವುದು ಜಾಣತನ. ಕಾಫಿ ಯಾರಿಗೆ ಎಷ್ಟು ಒಗ್ಗುತ್ತದೆ ಎಂಬುದನ್ನು ನಾಲಿಗೆ ಹೇಳಲಾರದು, ರಕ್ತಪರೀಕ್ಷೆ ಹೇಳಬಲ್ಲದು.