ಹಳ್ಳಕ್ಕೇಕೆ ಅವಸರ?

ನನ್ನ ತವರೂರು ಬೈಲಹೊಂಗಲ ತಾಲ್ಲೂಕಿನಲ್ಲಿದೆ. ಊರ ಮುಂದೆ ಒಂದು ಹಳ್ಳ. ಬೇಸಿಗೆಯಲ್ಲಿ ಅವ್ವನ ಜೊತೆ ಅದರ ಉಸುಕಿನಲ್ಲಿ ವರ್ತಿ ತೋಡಿ, ತಂಬಿಗೆಯಿಂದ ಕೊಡ ತುಂಬುತ್ತಿದ್ದೆವು. ನೀರು ಜಿನುಗಿ ಜಿನುಗಿ ಬರುತ್ತಿತ್ತು. ಒಂದು ಕೊಡ ತುಂಬುವಷ್ಟರಲ್ಲಿ ಊರಿನ ಅರ್ಧ ಸುದ್ದಿ ಮುಗಿಯುತ್ತಿತ್ತು.

ಈಚೆಗೆ ಹೋದಾಗ ನೋಡಿದರೆ ಹಳ್ಳದ ‘ಅಭಿವೃದ್ಧಿ’ಯಾಗಿದೆ. ಜೆಸಿಬಿ ಅದರ ಡೊಂಕು ತೆಗೆದು, ದಂಡೆಯ ಲಕ್ಕಿ ಗಿಡಗಳನ್ನು ಕಿತ್ತು, ಗಟಾರದಂತೆ ನೆಟ್ಟಗೆ ಮಾಡಿಟ್ಟಿದೆ. ಉಸುಕಂತೂ ಎಂದೋ ಲಾರಿ ಹತ್ತಿ ಹೋಗಿತ್ತು. “ನೀರು ಈಗ ಸರಾಗ ಹರೀತಾವ್ರಿ, ಅಕ್ಕಾರ” ಎಂದು ಕೆಲಸ ಮಾಡಿಸಿದವರು ಹೆಮ್ಮೆಪಟ್ಟರು. ಹರಿದು ಎಲ್ಲಿಗೆ ಹೋಗುತ್ತವೆ ಎಂದೆ. ಉತ್ತರವಿಲ್ಲ.

ರಾಮದುರ್ಗದ ಹೆಣ್ಣುಮಕ್ಕಳಿಗೆ ಉತ್ತರ ಗೊತ್ತು. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಅಷ್ಟು ದೊಡ್ಡ ಅಣೆಕಟ್ಟು ಇದ್ದರೂ 2019ರ ಆಗಸ್ಟಿನಲ್ಲಿ ಮಲಪ್ರಭೆ ಅವರ ಮನೆಯೊಳಗೆ ನುಗ್ಗಿದಳು. ಅಂಥ ಮಳೆಯನ್ನು ಹಳ್ಳದ ಒಡ್ಡು ತಡೆಯಲಾರದು, ಒಪ್ಪಿದೆ. ಆದರೆ ಇದ್ದಬದ್ದ ನೀರನ್ನೆಲ್ಲ ಹೊಳೆಗೆ ಓಡಿಸಿ, 2023ರಂಥ ಬರ ಬಂದಾಗ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಲ್ಲುವುದು ಯಾವ ಜಾಣತನ? ನಿಲ್ಲುವವರು ಯಾರು ಎಂಬುದನ್ನು ನಿಮಗೆ ಹೇಳಬೇಕಿಲ್ಲ.

ಅಮೆರಿಕ, ಯುರೋಪುಗಳಲ್ಲಿ ಬೀವರ್ ಎಂಬ ಪ್ರಾಣಿಯಿದೆ. ಇಲಿ-ಅಳಿಲುಗಳ ಜಾತಿಯದು, ಗಾತ್ರ ಮಾತ್ರ ನಾಯಿಯಷ್ಟು. ಹಲ್ಲಿನಿಂದಲೇ ಗಿಡ ಉರುಳಿಸಿ, ಕೊಂಬೆ, ಕೆಸರು, ಕಲ್ಲು ಸೇರಿಸಿ ಹಳ್ಳಕ್ಕೆ ಒಡ್ಡು ಹಾಕುತ್ತದೆ. ನೀರು ಪೂರ್ತಿ ನಿಲ್ಲುವುದಿಲ್ಲ, ಸೋಸಿ ಹರಿಯುತ್ತದೆ. ಹಿಂದೆ ಹೂಳು ಕೂತು ಕೊರೆದುಹೋದ ತಳ ಮೇಲೇಳುತ್ತದೆ, ದಂಡೆಯ ನೆಲ ನೀರು ಕುಡಿಯುತ್ತದೆ. ಟೋಪಿಯ ತುಪ್ಪಳಕ್ಕಾಗಿ ಇವನ್ನು ಕೊಂದು ಮುಗಿಸಹೊರಟಿದ್ದ ಅಮೆರಿಕದಲ್ಲಿ ಈಗ ಜನರೇ ಹಳ್ಳದಲ್ಲಿ ಗೂಟ ಬಡಿದು, ಟೊಂಗೆ ಹೆಣೆದು ಬೀವರಿನ ಕೆಲಸ ಮಾಡುತ್ತಿದ್ದಾರೆ. ಚೆಕ್ ದೇಶದಲ್ಲಂತೂ ಏಳು ವರ್ಷ ಕಾಗದದಲ್ಲೇ ಉಳಿದಿದ್ದ ಒಡ್ಡುಗಳನ್ನು ಬೀವರುಗಳು ತಾವಾಗಿಯೇ ಕಟ್ಟಿದ್ದು 2025ರಲ್ಲಿ ದೊಡ್ಡ ಸುದ್ದಿಯಾಯಿತು. ಎಸ್ಟಿಮೇಟಿಲ್ಲ, ಬಿಲ್ಲಿಲ್ಲ!

ನಮಗೆ ಬೀವರ್ ಬೇಡ, ಅದು ಈ ನೆಲದ್ದಲ್ಲ. ಆದರೆ ಗೂಟ ನೆಟ್ಟು ತಟ್ಟಿ ಹೆಣೆಯುವುದನ್ನು ನಮಗೆ ಅಮೆರಿಕದವರು ಕಲಿಸಬೇಕೇ? ಕಾಸರಗೋಡಿನ ಏತಡ್ಕದಲ್ಲಿ ಅಡಿಕೆ ಬೆಳೆಗಾರರು ಮಳೆಗಾಲ ಕಳೆದ ಮೇಲೆ ತೋಡಿಗೆ ಒಂದರ ಕೆಳಗೊಂದು ಕಲ್ಲು-ಮಣ್ಣಿನ ಕಟ್ಟ ಹಾಕುತ್ತ ಬಂದಿದ್ದಾರೆ. ನಮ್ಮದು ಎರೆ ಸೀಮೆ, ಮಳೆಯೂ ಕಡಿಮೆ. ಅವರದನ್ನೇ ನಕಲು ಮಾಡಿದರೆ ಆಗದು. ಆದರೆ ಒಂದು ದೊಡ್ಡ ಕಾಂಕ್ರೀಟ್ ಗೋಡೆಗಿಂತ ಹತ್ತು ಸಣ್ಣ ಒಡ್ಡು ಮೇಲೆಂಬ ಲೆಕ್ಕ ಇಲ್ಲಿಗೂ ಸಲ್ಲುತ್ತದೆ.

“ಮಳಿಗೆ ಕೊಚ್ಚಿ ಹೋಗ್ತೈತಲ್ರಿ?” ಎಂದು ಅವರು ನಕ್ಕರು. ಹೋಗಲಿ. ಮಾಳಿಗೆಗೆ ವರ್ಷ ವರ್ಷ ಮಣ್ಣು ಹಾಕಿಯೇ ನಮ್ಮ ಹಿರಿಯರು ಬಾಳಲಿಲ್ಲವೇ?

ಪಕ್ಕದಲ್ಲಿದ್ದ ನಮ್ಮ ವೈನಿ ಮಾತ್ರ ನಗಲಿಲ್ಲ. “ಗೂಟ ನಾವ ಬಡೀತೀವಿ. ಜೆಸಿಬಿ ಮತ್ತ ಹಳ್ಳಕ್ಕ ಇಳಿಸಬ್ಯಾಡ್ರಿ” ಎಂದಳು.