ಹೃದಯಕ್ಕೆ ಪಂಪು ಬಂತು, ಕಾಲಿಗೆ ಬಲ ಬೇಡವೇ?

‘ಎದಿ ಆಪರೇಷನ್ ಆಗೇತಿ, ಇನ್ನ ಹಾಸಿಗಿ ಬಿಟ್ಟು ಏಳಬ್ಯಾಡ್ರಿ.’ ರೋಣ, ನರಗುಂದ, ಗಜೇಂದ್ರಗಡದ ಕಡೆ ತವರಿರುವ ನೀವು ಈ ಮಾತು ಕೇಳಿಯೇ ಇರುತ್ತೀರಿ. ಪ್ರೀತಿಯ ಮಾತೇ ಸರಿ. ಆದರೆ ಇದರಿಂದ ರೋಗಿಗೆ ನಷ್ಟವೇ ಹೆಚ್ಚು.

2021ರಲ್ಲಿ ಪುನೀತ್ ರಾಜ್‌ಕುಮಾರ್ ಅಗಲಿದ ಮೇಲೆ ರಾಜ್ಯದಲ್ಲಿ ಹೃದಯದ ಬಗ್ಗೆ ಎಚ್ಚರ ಮೂಡಿತು. ಅವರ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಬಂತು. ಜೀವ ಉಳಿಯಿತು. ಆಮೇಲೆ? ಆ ಪ್ರಶ್ನೆ ಯಾರೂ ಕೇಳುತ್ತಿಲ್ಲ ನೋಡಿ.

ತೀರಾ ಸೋತ ಹೃದಯಕ್ಕೆ ಈಗ ಎದೆಯೊಳಗೇ ಪಂಪು ಕೂರಿಸುತ್ತಾರೆ. ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ 2008ರಲ್ಲೇ ಇಂಥ ಶಸ್ತ್ರಚಿಕಿತ್ಸೆ ನಡೆದಿದೆ. ಅಷ್ಟು ದುಬಾರಿ ಪಂಪು ಕೂತ ಮೇಲೂ ಹಲವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ಯಾಕೆ ಗೊತ್ತೇ? ನಾವು ಬಿರುಸಾಗಿ ನಡೆದರೆ ಹೃದಯ ಜೋರಾಗಿ ಬಡಿಯುತ್ತದೆ. ಪಂಪು ಮಾತ್ರ ವೈದ್ಯರು ಇಟ್ಟ ವೇಗದಲ್ಲೇ ತಿರುಗುತ್ತದೆ. ಜೊತೆಗೆ ತಿಂಗಳುಗಟ್ಟಲೆ ಮಲಗಿ ಕಾಲಿನ ಸ್ನಾಯುಗಳು ಸೊರಗಿರುತ್ತವೆ. ಪಂಪಿನ ವೇಗ ನಮ್ಮ ಕೈಲಿಲ್ಲ, ಕಾಲಿನ ಬಲ ನಮ್ಮ ಕೈಲಿದೆ. ಜರ್ಮನಿಯ ‘ಎಕ್ಸ್-ವ್ಯಾಡ್’ ಅಧ್ಯಯನದಲ್ಲಿ ಪಂಪು ಇರುವವರಿಗೆ 12 ವಾರ ವ್ಯಾಯಾಮ ಮಾಡಿಸಿದರು. ದೇಹ ಬಳಸುವ ಆಮ್ಲಜನಕದ ಗರಿಷ್ಠ ಪ್ರಮಾಣ ಹೇಳಿಕೊಳ್ಳುವಷ್ಟು ಏರಲಿಲ್ಲ. ಆದರೆ ಆರು ನಿಮಿಷದಲ್ಲಿ ನಡೆಯುವ ದೂರ ಹೆಚ್ಚಿತು. ಮನೆಯವರಿಗೆ ಬೇಕಾದ್ದು ಅದೇ ಅಲ್ಲವೇ?

ವೈದ್ಯರು ಒಪ್ಪಿದ ಮೇಲೆ ಅಂಗಳದಲ್ಲೋ ಓಣಿಯಲ್ಲೋ ಐದು ನಿಮಿಷದ ನಡಿಗೆಯಿಂದ ಶುರು ಮಾಡಿಸಿ. ನರಗುಂದದ ಗುಡ್ಡ, ಕಾಲಕಾಲೇಶ್ವರನ ಮೆಟ್ಟಿಲು ಈಗಲೇ ಬೇಡ. ಪಂಪು ಇದ್ದವರಿಗೆ ನಾಡಿ ಸಿಗದೇ ಇರಬಹುದು, ಗಾಬರಿಯಾಗಬೇಡಿ. ನಡೆಯುತ್ತಾ ಮಾತಾಡಲು ಆದರೆ ವೇಗ ಸರಿಯಿದೆ ಎಂದರ್ಥ. ಹೊಟ್ಟೆಯಿಂದ ಹೊರಬರುವ ವಯರು ಎಳೆಯದಂತಿರಲಿ. ಹೊರಗೆ ಹೊರಟಾಗ ಚಾರ್ಜ್ ಆದ ಬ್ಯಾಟರಿ ಜೊತೆಗಿರಲೇಬೇಕು. ಕೊಡ ಎತ್ತುವುದು, ಕೆರೆಯಲ್ಲಿ ಈಜುವುದು ಬೇಡವೇ ಬೇಡ. ತಲೆಸುತ್ತು, ಎದೆನೋವು ಬಂದರೆ, ಅಲಾರಂ ಕೂಗಿದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಿ.

ಪಂಪು ಎಲ್ಲರ ಕೈಗೆಟುಕದು, ನಿಜ. ಆದರೆ ಮೆಲ್ಲಗೆ ಶುರು ಮಾಡಿ ದಿನಾ ನಡೆಯಬೇಕೆಂಬ ಪಾಠ ಸ್ಟೆಂಟ್, ಬೈಪಾಸ್ ಆದವರಿಗೂ ಒಂದೇ. ವಾರಕ್ಕೆ ಮೂರು ಸಲ ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗಿ ವ್ಯಾಯಾಮ ಕಲಿಯಲು ಎಷ್ಟು ಜನರಿಗೆ ಸಾಧ್ಯ? ಕೊನೆಗೆ ಕಲಿಸುವ ಹೊಣೆ ಮನೆಯ ಹೆಣ್ಣುಮಕ್ಕಳ ಹೆಗಲಿಗೇ ಬೀಳುತ್ತದೆ, ಅದೂ ಯಾರೂ ಏನೂ ಹೇಳಿಕೊಡದೆ. ಇಂಜೆಕ್ಷನ್ ತಾಲ್ಲೂಕಿಗೆ ಬಂದಂತೆ ಹೃದ್ರೋಗಿಗಳಿಗೆ ವ್ಯಾಯಾಮ ಕಲಿಸುವವರೂ ತಾಲ್ಲೂಕಿಗೆ ಬರಬೇಕು.

ಅಲ್ಲಿಯವರೆಗೆ ಡಿಸ್‌ಚಾರ್ಜ್ ದಿನ ಸಂಕೋಚಪಡದೆ ಕೇಳಿ: ದಿನಕ್ಕೆ ಎಷ್ಟು ನಿಮಿಷ ನಡೆಸಬೇಕು, ಯಾವಾಗ ಹೆಚ್ಚಿಸಬೇಕು, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು. ಮಾತ್ರೆ ಚೀಟಿಯಲ್ಲೇ ಅದನ್ನೂ ಬರೆಸಿಕೊಳ್ಳಿ.