ಅಡುಗೆಮನೆಯ ಕಪ್ಪು ಬಿಯರ್ ಮತ್ತು ಅಬಕಾರಿ ಕಾನೂನು

ಇಂಗ್ಲೆಂಡಿನ ಲೀಡ್ಸ್‌ನಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಆತ ಅಡುಗೆಮನೆಯಲ್ಲೇ ಸ್ಟೌಟ್ ಎಂಬ ಕಡುಗಪ್ಪು ಬಿಯರ್ ತಯಾರಿಸುವುದನ್ನು ಕಂಡೆ. ಸೇವೆಯಲ್ಲಿದ್ದಾಗ ಕೆಲವು ಕಾಲ ಅಬಕಾರಿ ಕಡತಗಳನ್ನು ನೋಡಿದವನು ನಾನು. 'ಇದಕ್ಕೆ ಲೈಸೆನ್ಸ್ ಇದೆಯೇನಪ್ಪಾ?' ಎಂದೆ. ನಕ್ಕುಬಿಟ್ಟ.

ಕೆಲಸ ಬೇಡುವುದು ತಾಳ್ಮೆಯನ್ನು. ರಾಗಿ ಮಾಲ್ಟಿಗೆ ಕಾಳನ್ನು ಮೊಳಕೆ ಬರಿಸಿ ಒಣಗಿಸುವಂತೆಯೇ ಬಾರ್ಲಿಯನ್ನೂ ಹದಗೊಳಿಸಿರುತ್ತಾರೆ. ಅದರ ನುಚ್ಚನ್ನು ಸುಮಾರು 67 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಪಿಷ್ಟ ಸಕ್ಕರೆಯಾಗುತ್ತದೆ. ಬಸಿದ ಸಿಹಿನೀರನ್ನು ಹಾಪ್ಸ್ ಹೂಗಳೊಡನೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಬೇಕು. ಬಣ್ಣಕ್ಕೆ ಕಾಫಿಬೀಜದಂತೆ ಹುರಿದ ಬಾರ್ಲಿ ಹತ್ತರಲ್ಲೊಂದು ಪಾಲು ಸಾಕು. ಹೈಡ್ರೋಮೀಟರ್ ಅಳತೆ 1.080ರಿಂದ 1.020ಕ್ಕೆ ಇಳಿಯಿತೆಂದರೆ ಮದ್ಯಾಂಶ ಶೇ. 8ರ ಹತ್ತಿರ. ಹುದುಗುವಿಕೆ ಮುಗಿಯುವ ಮೊದಲೇ ತುಂಬಿದರೆ ಬಾಟಲಿ ಸಿಡಿಯುತ್ತದೆ. ಮಗನ ಮೊದಲ ಪ್ರಯತ್ನ ಗೋಡೆಯ ಪಾಲಾಗಿತ್ತಂತೆ.

ಬ್ರಿಟನ್ನಿನಲ್ಲೂ ಇದು ಸದಾ ಮುಕ್ತವಾಗಿರಲಿಲ್ಲ. 1880ರಲ್ಲಿ ಗ್ಲಾಡ್‌ಸ್ಟನ್ ಮಾಲ್ಟ್ ಮೇಲಿನ ತೆರಿಗೆಯನ್ನು ತೆಗೆದು ಬಿಯರಿಗೆ ಸುಂಕ ಹಾಕಿದಾಗ ಮನೆಯಲ್ಲಿ ತಯಾರಿಸುವವರೂ ಪರವಾನಗಿ ಪಡೆಯಬೇಕಾಯಿತು. 1963ರ ಬಜೆಟ್‌ನಲ್ಲಿ ರೆಜಿನಾಲ್ಡ್ ಮಾಡ್ಲಿಂಗ್ ಅದನ್ನು ರದ್ದುಗೊಳಿಸಿದರು. ಸ್ವಂತಕ್ಕೆ ಮಾಡಿಕೊಳ್ಳಬಹುದು, ಮಾರುವಂತಿಲ್ಲ; ಬಟ್ಟಿ ಇಳಿಸಲು ಇಂದಿಗೂ ಲೈಸೆನ್ಸ್ ಬೇಕು.

ನಮ್ಮ 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಮದ್ಯ ತಯಾರಿಸಲು ಪರವಾನಗಿ ಕಡ್ಡಾಯ. ಈ ಬಿಗಿಗೆ ಕಾರಣವಿಲ್ಲದಿಲ್ಲ. 1981ರಲ್ಲಿ ಬೆಂಗಳೂರಿನಲ್ಲಿ, 2008ರಲ್ಲಿ ತಮಿಳುನಾಡು ಗಡಿಯ ಆಚೀಚೆ ಕಳ್ಳಭಟ್ಟಿ ಕುಡಿದು ಸತ್ತವರನ್ನು ಮರೆಯುವುದುಂಟೆ? ಆದರೆ ಅವರನ್ನು ಕೊಂದದ್ದು ಮಾರಾಟದ ಮದ್ಯಕ್ಕೆ ಬೆರೆತ ಮೆಥನಾಲ್. ಬಾರ್ಲಿಯನ್ನು ಹುದುಗಿಸಿದರೆ ಅಪಾಯವಾಗುವಷ್ಟು ಮೆಥನಾಲ್ ಹುಟ್ಟುವುದಿಲ್ಲ. ಹುದುಗಿಸುವವನನ್ನೂ ಬಟ್ಟಿ ಇಳಿಸಿ ಮಾರುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿಕಾಣದು.

ರಾಜಸ್ವ ನಷ್ಟವಾದೀತೆಂದು ಹಳೆಯ ಸಹೋದ್ಯೋಗಿಗಳು ಹೇಳಬಹುದು. ಹಾಪ್ಸ್ ತರಿಸಿ, ಪಾತ್ರೆ ತೊಳೆದು, ವಾರಗಟ್ಟಲೆ ಕಾಯುವವನು ಹಣ ಉಳಿಸಲೆಂದು ಹಾಗೆ ಮಾಡುವುದಿಲ್ಲ. ನನ್ನನ್ನು ನಿಜವಾಗಿ ತಡೆದು ನಿಲ್ಲಿಸುವ ಆಕ್ಷೇಪ ಬೇರೆ: ಕುಡಿತದಿಂದ ನೊಂದ ಹೆಣ್ಣುಮಕ್ಕಳದು. ಮನೆಯಲ್ಲೇ ಪೀಪಾಯಿ ಇದ್ದರೆ ಅಂಗಡಿ ಮುಚ್ಚುವ ಹೊತ್ತೆಂಬುದೇ ಇಲ್ಲ. ಆದುದರಿಂದ ಪ್ರಮಾಣಕ್ಕೆ ಮಿತಿ ಬೇಕು. ಅಮೆರಿಕದ 1978ರ ಕಾನೂನು ಮನೆಯೊಂದಕ್ಕೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರಿಗೆ ಸುಂಕ ವಿನಾಯಿತಿ ನೀಡಿತು. ಅದು ನಮಗೆ ತೀರ ಹೆಚ್ಚಾಯಿತು. ವರ್ಷಕ್ಕೆ 50 ಲೀಟರಿಗೆ ಅನುಮತಿ ಕೊಟ್ಟು, ಮಾರಿದವನಿಗೆ ಈಗಿನ ಶಿಕ್ಷೆಯನ್ನೇ ಉಳಿಸಲಿ.